ತಗಡಿನ ಮಾಡೂ ಕರಿಮೇಣವೂ

ಮುಂಬಯಿಯ ಘಾಟ್ಕೋಪರಿನ ಅಸಲ್ಫಾ ಗುಡ್ಡದ ಮನೆಗಳ ಗೋಡೆಗಳಿಗೆ 2017ರ ಕೊನೆಯಲ್ಲಿ ಬಣ್ಣ ಬಂತು. ಮೆಟ್ರೋದಲ್ಲಿ ಹೋಗುವವರ ಕಣ್ಣಿಗೆ ಹಬ್ಬ. ಒಳಗೆ, ತಗಡಿನ ಮಾಡಿನಡಿ, ಮೇ ತಿಂಗಳ ಮಧ್ಯಾಹ್ನ ಕಳೆಯುವವರ ಸೆಕೆಗೆ ಬೇರೆಯೇ ಮದ್ದು ಬೇಕು. ಇಂಗಾಲ ಬೆರೆಸಿದ ಮೇಣ, ಅಂದರೆ ಕರಿಮೇಣ, ಆ ಮದ್ದಾದೀತೆ?

ಮೇಣ ಕರಗುವಾಗ ತಾನು ಬಿಸಿಯೇರದೆ ಶಾಖ ಹೀರುತ್ತದೆ. ಕಿಲೋ ಪ್ಯಾರಾಫಿನ್ನಿಗೆ ಸುಮಾರು 200 ಕಿಲೋಜೂಲ್. ಆದರೆ ಚಳಿಗಾಲದಲ್ಲಿ ಬಿಸಿಲಿಗಿಟ್ಟ ತುಪ್ಪದ ಭರಣಿಯ ಹಾಗೆ, ಅಂಚು ನೀರಾದರೂ ನಡುವೆ ಗಡ್ಡೆ ಉಳಿಯುತ್ತದೆ. ಶಾಖ ಒಳಗೆ ಬೇಗ ಹರಿಯುವುದಿಲ್ಲ. ಕರಗಿದ್ದು ಸೋರುತ್ತದೆ ಕೂಡ. ಈ ಎರಡಕ್ಕೂ ಉತ್ತರ ಅರಳಿಸಿದ ಗ್ರಾಫೈಟ್ ಎಂಬ ಇಂಗಾಲ: ಆಮ್ಲದಲ್ಲಿ ನೆನೆಸಿ ಥಟ್ಟನೆ ಕಾಯಿಸಿದರೆ ಅದು ಅರಳಿನಂತೆ ಉಬ್ಬಿ, ರಂಧ್ರಗಳಲ್ಲಿ ಮೇಣವನ್ನು ಹಿಡಿದಿಡುತ್ತದೆ. 2007ರಲ್ಲಿ ಟರ್ಕಿಯ ಸಾರಿ ಮತ್ತು ಕರೈಪೆಕ್ಲಿ ಶೇ. 10ರಷ್ಟು ಗ್ರಾಫೈಟ್ ಸೇರಿಸಿ, ಮೇಣದ ಶಾಖವಾಹಕತೆಯನ್ನು (ವ್ಯಾಟ್/ಮೀಟರ್-ಕೆಲ್ವಿನ್ ಲೆಕ್ಕದಲ್ಲಿ) 0.22ರಿಂದ 0.82ಕ್ಕೆ ಏರಿಸಿದರು, ಸೋರಿಕೆಯೂ ನಿಂತಿತು. ಇದು ನಿಜವಾದ ಸಾಧನೆ. ಬೆಲೆಯೂ ಉಂಟು: ಇಂಗಾಲ ಕರಗುವುದಿಲ್ಲ, ಅದು ಕುಳಿತ ಜಾಗದಲ್ಲಿ ಶಾಖದ ದಾಸ್ತಾನಿಲ್ಲ.

ಬ್ಯಾಟರಿಗೆ ಈ ಬೆಲೆ ತೆರಬಹುದು. ಷಿಕಾಗೋದ ಅಲ್ ಹಲ್ಲಾಜ್ ಮತ್ತು ಸೆಲ್ಮನ್ 2000ದಲ್ಲೇ ವಿದ್ಯುತ್ ವಾಹನದ ಬ್ಯಾಟರಿಯ ಸುತ್ತ ಮೇಣ ಇಡುವ ದಾರಿ ತೋರಿದರು. ಅಲ್ಲಿ ಕೆಲವೇ ನಿಮಿಷಗಳ ಬಿಸಿಯನ್ನು ಬೇಗ ಎಳೆದುಕೊಳ್ಳಬೇಕು. ಗ್ರಾಫೈಟ್ ಮಾಡುವುದು ಅದನ್ನೇ.

ಮಾಡಿನ ಲೆಕ್ಕ ಬೇರೆ. ಮೇ ತಿಂಗಳಲ್ಲಿ ಒಂದು ಚದರ ಮೀಟರಿಗೆ ದಿನಕ್ಕೆ ಬೀಳುವ ಬಿಸಿಲು 20,000 ಕಿಲೋಜೂಲ್ ಮೀರುತ್ತದೆ. ಹತ್ತು ಕಿಲೋ ಕರಿಮೇಣ ಹಿಡಿಯುವುದು 1,800. ಅಷ್ಟು ಭಾರ ಹೊರಿಸುವ ಮೊದಲು ತಗಡಿಗೆ ಬಿಳಿ ಬಳಿಯಬೇಕು. ಬಿಸಿಲಿನ ದೊಡ್ಡ ಪಾಲು ಅಲ್ಲಿಂದಲೇ ಹಿಂದಿರುಗುತ್ತದೆ.

ರಾತ್ರಿಯದು ಇನ್ನೂ ಕಠಿಣ ಪರೀಕ್ಷೆ. ಮರುದಿನ ಮತ್ತೆ ಶಾಖ ಹೀರಬೇಕಾದರೆ 28 ಡಿಗ್ರಿಗೆ ಕರಗುವ ಮೇಣ ರಾತ್ರಿ ಮರಳಿ ಗಟ್ಟಿಯಾಗಬೇಕು. ಮುಂಬಯಿಯ ಮೇ ರಾತ್ರಿ ಇಳಿಯುವುದೇ 27ರ ಆಸುಪಾಸಿಗೆ. ಇಂಗಾಲ ಶಾಖಕ್ಕೆ ದಾರಿ ಮಾಡಿಕೊಟ್ಟೀತು, ಅದು ಹರಿದುಹೋಗಲು ಬೇಕಾದ ಉಷ್ಣತೆಯ ಇಳಿಜಾರನ್ನು ಹುಟ್ಟಿಸಲಾರದು. 35 ಡಿಗ್ರಿಯ ಮೇಣ ಗಟ್ಟಿಯಾದೀತು ನಿಜ, ಆದರೆ ಕೆಳಗೆ ಶಾಖತಡೆಯ ಪದರವಿಲ್ಲದಿದ್ದರೆ ಹಗಲಿನ ಬಿಸಿಯನ್ನು ಮಲಗಿದವರ ಮೈಮೇಲೆ ಸುರಿಯುತ್ತದೆ. ಪ್ಯಾರಾಫಿನ್ ಉರಿಯುವ ವಸ್ತು ಎಂಬುದನ್ನೂ, ಗುಡ್ಡದ ಆ ಮೆಟ್ಟಿಲು ಓಣಿಗಳಲ್ಲಿ ಅಗ್ನಿಶಾಮಕ ವಾಹನ ಹತ್ತಲಾರದು ಎಂಬುದನ್ನೂ ಮಾಡಿಗೆ ಮೇಣದ ಹಲಗೆ ತಯಾರಿಸುವವರು ಮೊದಲ ದಿನವೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.