ಒಂದೇ ಪುಟ, ಹಲವು ಫಾರಂ

ಪರಸ್ಪರ ಸಂಬಂಧವಿಲ್ಲದ ಎರಡು ಮೂರು ಫಾರಂಗಳನ್ನು ಒಂದೇ ವೆಬ್ ಪುಟದಲ್ಲಿಡುವ ಪದ್ಧತಿಯನ್ನು ತೂಗಿನೋಡುವಾಗ, ಅವು ಕಣ್ಣಿಗೆ ಬೇರೆಬೇರೆಯಾಗಿ ಕಂಡರೆ ಸಾಲದು. ಒಂದನ್ನು ಸಲ್ಲಿಸಿದಾಗ ಇನ್ನೊಂದರಲ್ಲಿ ತುಂಬಿಟ್ಟದ್ದು ಏನಾಗುತ್ತದೆ ಎಂಬುದೇ ಮುಖ್ಯ ಅಳತೆಗೋಲಾಗಬೇಕು.

ಪುಟಗಳನ್ನು ಕಟ್ಟುವ ಎಚ್‌ಟಿಎಂಎಲ್ ಭಾಷೆಯ ನಿಯಮ ಸ್ಪಷ್ಟವಾಗಿದೆ. ಪುಟದಲ್ಲಿ ಎಷ್ಟು ಫಾರಂಗಳಾದರೂ ಇರಬಹುದು, ಒಂದರೊಳಗೆ ಇನ್ನೊಂದು ಇರುವಂತಿಲ್ಲ, ಮತ್ತು ಬಟನ್ ಒತ್ತಿದಾಗ ಆ ಬಟನ್ ಸೇರಿದ ಫಾರಂನ ಖಾನೆಗಳು ಮಾತ್ರ ಸರ್ವರ್‌ಗೆ ಹೋಗುತ್ತವೆ. 2002ರಲ್ಲಿ ಬಂದ ಮೈಕ್ರೋಸಾಫ್ಟ್‌ನ ಎಎಸ್‌ಪಿ ಡಾಟ್ ನೆಟ್ ಎಂಬ ಚೌಕಟ್ಟು ಇದಕ್ಕೆ ಬೇರೆಯೇ ದಾರಿ ಹಿಡಿದು, ಇಡೀ ಪುಟವನ್ನು ಒಂದೇ ಫಾರಂನೊಳಗೆ ಸೇರಿಸಿ, ಪುಟದ ಸ್ಥಿತಿಯನ್ನು ವ್ಯೂಸ್ಟೇಟ್ ಎಂಬ ಕಾಣದ ಖಾನೆಯಲ್ಲಿ ತುಂಬಿ ಪ್ರತಿಸಲವೂ ಸರ್ವರ್‌ಗೆ ಕಳಿಸಿ ತರಿಸುತ್ತಿತ್ತು.

ಸೇವಾ ಕೇಂದ್ರವೊಂದರಲ್ಲಿ ತೆರೆದ ಇಂಥ ಪುಟವನ್ನು ಊಹಿಸಿಕೊಂಡರೆ ಇದರ ಫಲ ತಿಳಿಯುತ್ತದೆ. ಪಹಣಿಗಾಗಿ ಕೋಲಾರ ಜಿಲ್ಲೆ, ಬಂಗಾರಪೇಟೆ ತಾಲ್ಲೂಕು, ಬೂದಿಕೋಟೆ ಹೋಬಳಿ, ಗ್ರಾಮ, ಸರ್ವೆ ನಂಬರ್, ಹಿಸ್ಸಾ ಎಂದು ಒಂದೊಂದಾಗಿ ಆರಿಸಬೇಕು. ಅದರ ಕೆಳಗೇ ಮ್ಯುಟೇಶನ್ ಅರ್ಜಿ ಸಂಖ್ಯೆಯ ಖಾನೆಯೂ ಇದೆ. ಆ ಸಂಖ್ಯೆ ಬರೆದು ಎಂಟರ್ ಒತ್ತಿದರೆ, ಎರಡೂ ಒಂದೇ ಫಾರಂಗೆ ಸೇರಿರುವುದರಿಂದ, ಬ್ರೌಸರ್ ಮೊದಲ ಬಟನ್ನನ್ನೇ ಒತ್ತಿದಂತೆ ತಿಳಿದು ಪಹಣಿಯನ್ನು ಹುಡುಕಲು ಹೊರಡುತ್ತದೆ ಮತ್ತು ಹಿಸ್ಸಾ ನಂಬರ್ ತುಂಬಿಲ್ಲವೆಂದು ತಕರಾರು ತೆಗೆಯುತ್ತದೆ. ಎಎಸ್‌ಪಿ ಡಾಟ್ ನೆಟ್‌ನ 2005ರ ಆವೃತ್ತಿ ಪುಟದ ಪ್ರತಿ ಭಾಗಕ್ಕೂ ಪ್ರತ್ಯೇಕ ಬಟನ್ನನ್ನೂ ಪ್ರತ್ಯೇಕ ತಪಾಸಣೆಯನ್ನೂ ಗೊತ್ತುಮಾಡುವ ಅವಕಾಶ ಕೊಟ್ಟಿತಾದರೂ ಅದು ತೇಪೆಯಷ್ಟೇ ಆಗಿತ್ತು. ಆದರೂ ಈ ವಿಧಾನಕ್ಕೆ ಒಂದು ನ್ಯಾಯ ಸಲ್ಲಬೇಕು: ಪುಟ ಮರಳಿ ಬಂದಾಗ ಬಂಗಾರಪೇಟೆಯೂ ಬೂದಿಕೋಟೆಯೂ ಆರಿಸಿದಂತೆಯೇ ಉಳಿದಿರುತ್ತಿದ್ದವು.

ಫಾರಂಗಳನ್ನು ನಿಜವಾಗಿ ಬೇರ್ಪಡಿಸುವ ಪದ್ಧತಿಯಲ್ಲಿ ಎಂಟರ್ ಕೀಲಿಯ ಗೊಂದಲ ಇರುವುದಿಲ್ಲ, ಆದರೆ ಸಾಮಾನ್ಯ ಸಲ್ಲಿಕೆಯಲ್ಲಿ ಪುಟ ಹೊಸದಾಗಿ ಬರುವುದರಿಂದ ಇನ್ನೊಂದು ಫಾರಂನ ಶ್ರಮವೆಲ್ಲ ಅಳಿಸಿಹೋಗುತ್ತದೆ. ಇದನ್ನು ಕಡೆಗಣಿಸಿ, ಬೇರ್ಪಡಿಸಿದರೆ ಕೆಲಸ ಮುಗಿಯಿತೆನ್ನುವ ಪಾಠಗಳು ಅರ್ಧ ಮಾತ್ರ ಹೇಳುತ್ತವೆ. ಜಾವಾಸ್ಕ್ರಿಪ್ಟ್‌ನ ಮೂಲಕ ಒಂದು ಫಾರಂನ ಮಾಹಿತಿಯನ್ನಷ್ಟೇ ಕಳಿಸಿ, ಉತ್ತರವನ್ನೂ ತಪ್ಪಿನ ಸೂಚನೆಯನ್ನೂ ಆ ಫಾರಂನ ಪಕ್ಕದಲ್ಲೇ ತೋರಿಸುವ ಕ್ರಮ ಇವೆರಡಕ್ಕಿಂತ ಮೇಲು. ಆ ಸ್ಕ್ರಿಪ್ಟ್ ಓಡದಿದ್ದಾಗಲೂ ಬಟನ್ ಕೆಲಸ ಮಾಡುವಂತಿದ್ದರೆ ಮಾತ್ರ ಅದನ್ನು ಪೂರ್ಣವೆನ್ನಬಹುದು.

ಹೆಸರಿಡುವುದರಲ್ಲಿಯೂ ಎಚ್ಚರ ಬೇಕು. ಎರಡು ಫಾರಂಗಳ ಮೊಬೈಲ್ ಸಂಖ್ಯೆಯ ಖಾನೆಗಳಿಗೆ ಒಂದೇ ಐಡಿ ಕೊಟ್ಟರೆ, ಎರಡನೆಯದರ ಶೀರ್ಷಿಕೆಯನ್ನು ಮುಟ್ಟಿದಾಗ ಕರ್ಸರ್ ಮೊದಲನೆಯದಕ್ಕೆ ಹೋಗುತ್ತದೆ, ಮತ್ತು ಪುಟವನ್ನು ಓದಿ ಹೇಳುವ ತಂತ್ರಾಂಶವನ್ನು ನಂಬಿದ ಅಂಧ ಬಳಕೆದಾರರಿಗೆ ಖಾನೆಯ ಹೆಸರೇ ತಿಳಿಯದೆ ಹೋಗಬಹುದು. ಪೈಥಾನ್‌ನ ಜಾಂಗೊ ಚೌಕಟ್ಟು ಪ್ರತಿ ಫಾರಂನ ಖಾನೆಗಳ ಹೆಸರಿಗೂ ಐಡಿಗೂ ಬೇರೆಬೇರೆ ಪೂರ್ವಪದ ಸೇರಿಸಲು ಅನುವು ಮಾಡಿರುವುದು ಈ ಕಾರಣಕ್ಕೆ ಮೆಚ್ಚತಕ್ಕದ್ದು. ಶುಲ್ಕ ಪಾವತಿಯ ಫಾರಂ ಮಾತ್ರ ಯಾವ ಕೌಶಲದ ನೆಪದಲ್ಲಿಯೂ ಇತರ ಫಾರಂಗಳ ನಡುವೆ ಇರಬಾರದು. ತಪ್ಪು ಬಟನ್ ಒತ್ತಿದರೆ ಹಣ ಕಡಿತವಾಗುವ ಕಡೆ ಪ್ರತ್ಯೇಕ ಪುಟವೇ ಆಗಬೇಕು.