ಯಂತ್ರಲೇಖನವೂ ಅಂಗಡಿಯ ಮಾತೂ

ಕಾವ್ಯ ನಾಟಕಗಳನ್ನು ಕುರಿತು ವಿಮರ್ಶೆ ಬರೆಯುವುದು ವಾಡಿಕೆ. ಅಂಗಡಿಯ ಪ್ರಕಟಣೆಯನ್ನು ಕುರಿತು ಬರೆಯುವುದು ವಾಡಿಕೆಯಲ್ಲ. ಆದರೆ ಓದು ಬಲ್ಲ ಮನೆಯೊಂದರಲ್ಲಿ ದಿನಕ್ಕೆ ಎಷ್ಟು ಗದ್ಯವು ಕಣ್ಣಿಗೆ ಬೀಳುವುದೆಂದು ಎಣಿಸಿದರೆ, ಅದರಲ್ಲಿ ದೊಡ್ಡ ಪಾಲು ಮಾರಾಟಗಾರರದೇ ಎಂಬುದು ಗೊತ್ತಾಗುವುದು. ಪದಾರ್ಥದ ಹೊದಿಕೆಯ ಮೇಲೆ, ಪತ್ರಿಕೆಯ ಅಂಚಿನಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಕೈಯಲ್ಲಿ ಹಿಡಿದ ಮೊಬೈಲಿನ ತೆರೆಯ ಮೇಲೆ ಈ ಗದ್ಯವು ಬಂದು ನಿಲ್ಲುತ್ತದೆ. ಇಷ್ಟು ಮಂದಿ ಓದುವ ಬರಹದ ಗುಣವೇನು, ಅದರಿಂದ ನುಡಿಗೆ ಆಗುವುದೇನು ಎಂದು ವಿಚಾರಿಸುವುದು ಸಾಹಿತ್ಯದ ಕೆಲಸವಲ್ಲವೆಂದು ತಳ್ಳಿಬಿಡುವುದು ಯುಕ್ತವಲ್ಲ. ಈಚೆಗೆ ಅದನ್ನು ಬರೆಯುವ ಕೈಯೇ ಬದಲಾಗಿರುವುದರಿಂದ ವಿಚಾರದ ಅಗತ್ಯವು ಇನ್ನೂ ಹೆಚ್ಚಿದೆ.

೨೦೧೭ರಲ್ಲಿ ಗೂಗಲ್ ಸಂಸ್ಥೆಯ ಸಂಶೋಧಕರು ‘ಟ್ರಾನ್ಸ್‌ಫಾರ್ಮರ್’ ಎಂಬ ಗಣಕರಚನೆಯನ್ನು ಪ್ರಕಟಿಸಿದರು. ಅದರ ತಳಹದಿಯ ಮೇಲೆ ಕಟ್ಟಿದ ‘ಚಾಟ್‌ಜಿಪಿಟಿ’ಯನ್ನು ಓಪನ್‌ಎಐ ಸಂಸ್ಥೆಯು ೨೦೨೨ರ ನವೆಂಬರ್ ೩೦ರಂದು ಜನರ ಕೈಗಿತ್ತಿತು. ೨೦೨೪ರ ಜೂನ್ ತಿಂಗಳಲ್ಲಿ ಗೂಗಲಿನ ‘ಜೆಮಿನೈ’ ಆ್ಯಪ್ ಕನ್ನಡವೂ ಸೇರಿದಂತೆ ಭಾರತದ ಒಂಬತ್ತು ಭಾಷೆಗಳಲ್ಲಿ ಬಂದಿತು. ಅಂದಿನಿಂದ ಸಣ್ಣ ವ್ಯಾಪಾರಿಗೂ ಕೂಲಿ ಕೇಳದ ಒಬ್ಬ ಬರಹಗಾರನು ದೊರಕಿದಂತಾಯಿತು. ಸರಕಿನ ಹೆಸರು ಹೇಳಿದರೆ ಸಾಕು. ಉಸಿರು ಬಿಡುವಷ್ಟರಲ್ಲಿ ವರ್ಣನೆ ಸಿದ್ಧ.

ಈ ಬರಹವನ್ನು ತೂಗಿ ನೋಡಲು ಸರಕೊಂದನ್ನು ಎದುರಿಗಿಟ್ಟುಕೊಳ್ಳಬೇಕು. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಸೀರೆಯನ್ನೇ ತೆಗೆದುಕೊಳ್ಳಬಹುದು. ನೇಯ್ಗೆಯ ಮನೆಯವನೊಬ್ಬನು ಹೆಚ್ಚಿನದೇನನ್ನೂ ತಿಳಿಸದೆ, ‘ಇಳಕಲ್ ಸೀರೆಗೆ ಒಂದು ಜಾಹೀರಾತು ಬರೆ’ ಎಂದು ಯಂತ್ರಕ್ಕೆ ಹೇಳಿದರೆ ಬರುವ ಗದ್ಯದ ಜಾತಿಯು ಸುಮಾರಾಗಿ ಹೀಗಿರುತ್ತದೆ:

“ಪರಂಪರೆ ಮತ್ತು ಆಧುನಿಕತೆಯ ಪರಿಪೂರ್ಣ ಸಂಗಮ! ನಮ್ಮ ಇಳಕಲ್ ಸೀರೆ ಕೇವಲ ಉಡುಪಲ್ಲ, ಅದೊಂದು ಅನುಭವ. ಶುದ್ಧ ರೇಷ್ಮೆಯ ಮೃದುತ್ವ, ನುರಿತ ಕುಶಲಕರ್ಮಿಗಳ ಕೈಚಳಕ, ಕಣ್ಮನ ಸೆಳೆಯುವ ಜರಿಯ ಸೆರಗು: ನಿಮ್ಮ ಪ್ರತಿಯೊಂದು ಕ್ಷಣವನ್ನೂ ಅವಿಸ್ಮರಣೀಯವಾಗಿಸಿ.”

ಮೊದಲು ಇದರ ಗುಣವನ್ನು ಹೇಳುವುದು ನ್ಯಾಯ. ಕಾಗುಣಿತ ತಪ್ಪಿಲ್ಲ, ವಾಕ್ಯಗಳು ಅಂದವಾಗಿ ನಿಂತಿವೆ, ವಿನಯಕ್ಕೆ ಕೊರತೆಯಿಲ್ಲ. ಆದರೆ ‘ಇಳಕಲ್’ ಎಂಬ ಪದವನ್ನು ತೆಗೆದು ‘ಕಂಚಿ’ ಎಂದಿಟ್ಟರೂ, ‘ಬನಾರಸ್’ ಎಂದಿಟ್ಟರೂ ಬರಹಕ್ಕೆ ಯಾವ ಊನವೂ ಬಾರದು. ಸೀರೆಯನ್ನು ಬಿಟ್ಟು ಹಿತ್ತಾಳೆಯ ದೀಪವನ್ನು ತಂದರೂ ಅರ್ಧಕ್ಕಿಂತ ಹೆಚ್ಚು ಮಾತು ಹಾಗೆಯೇ ಉಳಿಯುತ್ತದೆ. ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರನು ಔಚಿತ್ಯವನ್ನು ಕಾವ್ಯದ ಜೀವವೆಂದನು. ಯಾವುದು ಯಾವುದಕ್ಕೆ ತಕ್ಕುದೋ ಅದು ಅಲ್ಲಿಯೇ ಇರಬೇಕು ಎಂಬುದು ಅದರ ಸಾರ. ಎಲ್ಲಿಯಾದರೂ ಇರಬಲ್ಲ ಮಾತಿಗೆ ಔಚಿತ್ಯವೆಲ್ಲಿಯದು? ಇನ್ನು ‘ಕೇವಲ ಉಡುಪಲ್ಲ, ಅದೊಂದು ಅನುಭವ’ ಎಂಬ ನುಡಿಯೋ ಇಂಗ್ಲೀಷಿನ ಜಾಹೀರಾತುಗಳಲ್ಲಿ ಸವೆದ ನಾಣ್ಯ. ಕನ್ನಡದ ಮುದ್ರೆಯೊತ್ತಿದ ಮಾತ್ರಕ್ಕೆ ಹೊಸದಾಗಲಿಲ್ಲ.

ಇದು ಅಲಂಕಾರದ ದೋಷ. ಇದಕ್ಕಿಂತ ದೊಡ್ಡದು ಸತ್ಯದ ದೋಷ. ಇಳಕಲ್ಲಿನ ಸಾಂಪ್ರದಾಯಿಕ ಸೀರೆಗೆ ಒಡಲು ಹತ್ತಿ, ಸೆರಗು ರೇಷ್ಮೆ. ಒಡಲಿನ ಹಾಸೂ ಸೆರಗಿನ ಹಾಸೂ ಬೇರೆಬೇರೆ. ಅವೆರಡರ ಎಳೆಗಳನ್ನು ಕುಣಿಕೆಗಳಿಂದ ಒಂದಕ್ಕೊಂದು ಸೇರಿಸಿ ನೆಯ್ಯುವುದೇ ಆ ಊರಿನ ವೈಶಿಷ್ಟ್ಯ. ಸೆರಗಿನ ಕೆಂಪಿನ ಮೇಲೆ ಬಿಳಿಯ ಎಳೆಯಲ್ಲಿ ಮೂಡುವ ‘ತೋಪು ತೆನೆ’ಯು ಜರಿಯಲ್ಲ, ಆ ಸೀಮೆಯ ಹೊಲದಲ್ಲಿ ನಿಂತ ಜೋಳದ ತೆನೆ. ಯಂತ್ರದ ಬರಹದಲ್ಲಿ ಹತ್ತಿ ಮಾಯವಾಗಿ ಸೀರೆಯೆಲ್ಲ ರೇಷ್ಮೆಯಾಯಿತು. ಜೋಳದ ತೆನೆಯ ಜಾಗಕ್ಕೆ ಎಲ್ಲಿಂದಲೋ ಜರಿ ಬಂದಿತು. ಬೇಸಗೆಯಲ್ಲಿ ಮೈಗೆ ಹಿತವೆಂದು ಹತ್ತಿಯ ಒಡಲನ್ನೇ ಬಯಸುವ ಹೆಣ್ಣುಮಗಳು ಈ ಪ್ರಕಟಣೆಯನ್ನೋದಿ ಮುಂದಕ್ಕೆ ಹೋಗುವಳು. ರೇಷ್ಮೆಯೆಂದು ನಂಬಿ ತರಿಸಿಕೊಂಡವಳು ಹಿಂದಕ್ಕೆ ಕಳುಹಿಸುವಳು. ಎರಡು ಬಗೆಯಲ್ಲೂ ನಷ್ಟವು ನೇಕಾರನದೇ.

ಹೀಗೇಕೆ ಆಗುತ್ತದೆ? ಯಂತ್ರವು ಸೀರೆಯನ್ನು ಮುಟ್ಟಿ ನೋಡಿಲ್ಲ. ಅಪಾರವಾದ ಬರಹವನ್ನು ಅರೆದು, ಒಂದು ನುಡಿಯ ತುಂಡಿನ ಮುಂದೆ ಯಾವ ತುಂಡು ಬರುವ ಸಂಭವ ಎಷ್ಟೆಂಬುದನ್ನು ಅದು ಲೆಕ್ಕಹಾಕಿಕೊಂಡಿದೆ. ‘ಸೀರೆ’ ಎಂಬುದರ ಬಳಿಯಲ್ಲಿ ‘ರೇಷ್ಮೆ’, ‘ಜರಿ’ ಎಂಬ ಪದಗಳು ಸಾವಿರ ಕಡೆ ಬಂದಿರುವುದರಿಂದ ಇಲ್ಲಿಯೂ ಅವೇ ಬರುತ್ತವೆ. ಹೆಚ್ಚು ಮಂದಿ ಹೇಳಿದ್ದನ್ನು ಹೇಳುವುದು ಅದರ ಸ್ವಭಾವ. ಒಂದೇ ಊರಿನಲ್ಲಿ ಮಾತ್ರ ನಿಜವಾದದ್ದು ಅದರ ಲೆಕ್ಕದಲ್ಲಿ ಹಗುರವಾಗುತ್ತದೆ. ಅದರಲ್ಲಿಯೂ ಯಂತ್ರವು ಓದಿದ ರಾಶಿಯಲ್ಲಿ ಕನ್ನಡದ ಪಾಲು ಇಂಗ್ಲೀಷಿನ ಮುಂದೆ ಬಹು ಸಣ್ಣದು. ದೋಷವು ದುರುದ್ದೇಶದಿಂದ ಬಂದುದಲ್ಲ. ಆದರೂ ಸುಳ್ಳು ಸುಳ್ಳೇ.

ಸುಳ್ಳಿನ ಹೊಣೆ ಯಾರದು ಎಂಬ ಪ್ರಶ್ನೆಗೆ ಲೋಕವು ಉತ್ತರ ಕೊಡತೊಡಗಿದೆ. ಕೆನಡಾ ದೇಶದ ಏರ್ ಕೆನಡಾ ವಿಮಾನಸಂಸ್ಥೆಯ ಉತ್ತರ ಹೇಳುವ ಯಂತ್ರವು, ಆಪ್ತರ ಮರಣಕ್ಕಾಗಿ ಪ್ರಯಾಣ ಮಾಡುವವರ ರಿಯಾಯಿತಿಯ ವಿಷಯದಲ್ಲಿ ಒಬ್ಬ ಪ್ರಯಾಣಿಕನಿಗೆ ತಪ್ಪು ಮಾಹಿತಿಯಿತ್ತಿತು. ಯಂತ್ರದ ಮಾತಿಗೆ ತಾನು ಹೊಣೆಯಲ್ಲವೆಂಬ ಸಂಸ್ಥೆಯ ವಾದವನ್ನು ಬ್ರಿಟಿಷ್ ಕೊಲಂಬಿಯಾ ಪ್ರಾಂತದ ನ್ಯಾಯಮಂಡಲಿಯು ೨೦೨೪ರ ಫೆಬ್ರುವರಿಯಲ್ಲಿ ತಳ್ಳಿಹಾಕಿ ಪರಿಹಾರ ಕೊಡಿಸಿತು. ನಮ್ಮ ದೇಶದಲ್ಲಿಯೂ ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ, ದಾರಿತಪ್ಪಿಸುವ ಜಾಹೀರಾತಿಗಾಗಿ ತಯಾರಕನಿಗೆ ೧೦ ಲಕ್ಷ ರೂಪಾಯಿಯವರೆಗೆ, ಮತ್ತೆ ತಪ್ಪಿದರೆ ೫೦ ಲಕ್ಷದವರೆಗೆ ದಂಡ ವಿಧಿಸಬಹುದು. ದೊಡ್ಡ ಸಂಸ್ಥೆಗೆ ವಕೀಲರುಂಟು. ಎರಡು ಮಗ್ಗದ ಮನೆಗೆ ಇರುವುದು ತನ್ನ ಮಾತೊಂದೇ.

ಇಷ್ಟನ್ನು ಕೇಳಿ, ‘ಹಾಗಾದರೆ ನೇಕಾರನು ಯಂತ್ರವನ್ನು ಮುಟ್ಟಲೇಬಾರದೆ?’ ಎಂದು ಯಾರಾದರೂ ಕೇಳಿದರೆ, ಆ ಪ್ರಶ್ನೆಯನ್ನು ಹಗುರವಾಗಿ ಕಾಣಲಾಗದು. ಬೆಳಗಿನಿಂದ ಸಂಜೆಯವರೆಗೆ ಲಾಳಿ ಎಸೆದ ಕೈಗೆ ಬರೆಯುವ ಬಿಡುವೆಲ್ಲಿ? ಪುಣೆಯ ಗಿರಾಕಿಗೆ ಮರಾಠಿಯಲ್ಲಿ, ಹೊರದೇಶದ ಗಿರಾಕಿಗೆ ಇಂಗ್ಲೀಷಿನಲ್ಲಿ ಉತ್ತರ ಬರೆಯುವ ವಿದ್ಯೆಯನ್ನು ಅವನಿಗೆ ಯಾರು ಕಲಿಸಿದರು? ಇಂಗ್ಲೀಷು ಬಲ್ಲ ದಲ್ಲಾಳಿಯನ್ನು ನಂಬಿ ಲಾಭದ ಪಾಲನ್ನು ಬಿಟ್ಟುಕೊಡುತ್ತಿದ್ದವನು, ಈಗ ತಾನೇ ಗಿರಾಕಿಯೊಡನೆ ಮಾತನಾಡಬಲ್ಲವನಾದರೆ ಅದು ಸಣ್ಣ ಉಪಕಾರವಲ್ಲ. ಯಂತ್ರವನ್ನು ಹಳಿದು ಅವನನ್ನು ಮತ್ತೆ ಮೂಕನನ್ನಾಗಿ ಮಾಡುವುದು ವಿಮರ್ಶೆಯ ಉದ್ದೇಶವಾಗಬಾರದು.

ಹಿಂದೆ ಕಚೇರಿಯ ಮುಂದಿನ ಮರದ ನೆರಳಿನಲ್ಲಿ ಅರ್ಜಿ ಬರೆದುಕೊಡುವವರು ಕುಳಿತಿರುತ್ತಿದ್ದರು. ಅಕ್ಷರ ಬಾರದವನು ಬಂದರೆ ಅವರು ಮೊದಲು ಕೇಳುತ್ತಿದ್ದುದು, ‘ಏನು ಬರೆಯಬೇಕಪ್ಪಾ?’ ಎಂದು. ಅವನು ಹೇಳಿದ್ದನ್ನು ಕೇಳಿ, ಸರಿಪಡಿಸಿ, ಓದಿ ಹೇಳಿ, ಅವನು ಒಪ್ಪಿದ ಮೇಲೆ ಹೆಬ್ಬೆಟ್ಟು ಒತ್ತಿಸುತ್ತಿದ್ದರು. ಯಂತ್ರಲೇಖಕನಿಂದ ಪಡೆಯಬೇಕಾದ ಸೇವೆಯೂ ಇದೇ. ಏನನ್ನೂ ಹೇಳದೆ ಬರೆಸಿದರೆ ಅದು ಬರಿದಾದ ಜಾಗವನ್ನೆಲ್ಲ ಊರೂರಿನ ಮಾತಿನಿಂದ ತುಂಬುತ್ತದೆ. ಸರಕಿನ ವಿವರವನ್ನೆಲ್ಲ ಮೊದಲು ತಾನೇ ಹೇಳಿ, ‘ಇದಕ್ಕೆ ಒಂದನ್ನೂ ಸೇರಿಸಬೇಡ’ ಎಂದು ವಿಧಿಸಿ, ಬಂದುದನ್ನು ಮನೆಯವರ ಮುಂದೆ ಗಟ್ಟಿಯಾಗಿ ಓದಿಸಿ ಒಪ್ಪಿದರೆ, ಬರಹವು ಬೇರೆಯಾಗುತ್ತದೆ. ಉದಾಹರಣೆಗೆ:

“ಒಡಲು ಹತ್ತಿ, ಸೆರಗು ರೇಷ್ಮೆ. ಚಿಕ್ಕಿ ದಡಿ. ಸೆರಗಿನಲ್ಲಿ ಕೆಂಪಿನ ಮೇಲೆ ಬಿಳಿಯ ತೋಪು ತೆನೆ. ಕೈಮಗ್ಗದಲ್ಲಿ ನೆಯ್ದದ್ದು. ಕಸೂತಿ ಇಲ್ಲ, ಬೇಕೆಂದರೆ ಹಾಕಿಸಿ ಕೊಡುತ್ತೇವೆ, ಹೆಚ್ಚು ದಿನ ಹಿಡಿಯುವುದು. ಮೊದಲ ಸಲ ತಣ್ಣೀರಿನಲ್ಲಿ ಬೇರೆಯಾಗಿ ಒಗೆಯಿರಿ. ಸ್ವಲ್ಪ ಬಣ್ಣ ಬಿಡುವುದು.”

ಇದರಲ್ಲಿ ಅಲಂಕಾರವಿಲ್ಲವೆನ್ನುವವರು ದಂಡಿಯನ್ನು ನೆನೆಯಬೇಕು. ಅವನು ಕಾವ್ಯಾದರ್ಶದಲ್ಲಿ ಅಲಂಕಾರಗಳನ್ನು ಎಣಿಸುವಾಗ ಮೊದಲ ಸ್ಥಾನವನ್ನು ಕೊಟ್ಟುದು ಸ್ವಭಾವೋಕ್ತಿಗೆ. ಇದ್ದುದನ್ನು ಇದ್ದಂತೆ ಕಣ್ಣಿಗೆ ಕಟ್ಟುವುದೇ ಒಂದು ಅಲಂಕಾರ. ಮೇಲಣ ಬರಹದಲ್ಲಿ ‘ಇಳಕಲ್’ ಎಂಬ ಹೆಸರೇ ಇಲ್ಲ. ಆದರೂ ಬಲ್ಲವರಿಗೆ ಅದು ಮತ್ತಾವ ಊರಿನ ಸೀರೆಯೂ ಆಗದು. ಬಣ್ಣ ಬಿಡುವುದೆಂಬ ಕೊನೆಯ ಮಾತಂತೂ ಯಂತ್ರವು ತಾನಾಗಿ ಬರೆಯುವ ಸಂಭವವಿಲ್ಲ. ಗಿರಾಕಿಯು ನಂಬುವುದು ಮಾತ್ರ ಅದೇ ಮಾತಿನಿಂದ.

ಕೊನೆಯದಾಗಿ ನುಡಿಯ ವಿಚಾರ. ಕೈಕಸೂತಿಯಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂತಿ ಎಂದು ನಾಲ್ಕು ಬಗೆಯ ಹೊಲಿಗೆಗಳುಂಟು. ಬಟ್ಟೆಯ ಎಳೆಗಳನ್ನು ಎಣಿಸಿ, ಗಂಟು ಹಾಕದೆ ಹೊಲಿಯುವ ಕೆಲಸವದು. ಈ ನಾಲ್ಕು ಹೆಸರುಗಳನ್ನು ಯಂತ್ರವು ‘ಆಕರ್ಷಕ ಚಿತ್ತಾರ’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತದೆ. ಬರಹದಲ್ಲಿ ಬಾರದ ಪದವನ್ನು ಯಂತ್ರವು ಕಲಿಯದು. ಯಂತ್ರವು ಕಲಿಯದ ಪದವು ನಾಳಿನ ಬರಹದಲ್ಲಿ ಬಾರದು. ಇಂದು ಯಂತ್ರವು ಬರೆದುದನ್ನೇ ನಾಳಿನ ಯಂತ್ರವು ಓದುವ ಕಾಲ ಬಂದಿದೆ. ಕಸಬಿನವರ ಬಾಯಲ್ಲಿ ಮಾತ್ರ ಉಳಿದ ಇಂಥ ಪದಗಳು ಆ ಸುತ್ತಿನಲ್ಲಿ ಸದ್ದಿಲ್ಲದೆ ಜಾರಿಹೋಗುವುವು.

ಇದನ್ನು ತಡೆಯುವ ಕೆಲಸವು ದೊಡ್ಡ ಸಂಸ್ಥೆಗಳಿಗಾಗಿ ಕಾಯಬೇಕಾದುದಲ್ಲ. ನೇಕಾರರ ಮನೆಯಲ್ಲಿ ಓದು ಕಲಿತ ಮಗಳೊಬ್ಬಳು, ಅಜ್ಜಿಯನ್ನು ಮಗ್ಗದ ಪಕ್ಕದಲ್ಲಿ ಕೂರಿಸಿಕೊಂಡು, ದಡಿಯ ಹೆಸರು, ಸೆರಗಿನ ಹೆಸರು, ಹೊಲಿಗೆಯ ಹೆಸರುಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಸಾಕು. ಜಿಲ್ಲೆಯ ಸಾಹಿತ್ಯ ಸಂಘಗಳು ಅಂಥ ಪಟ್ಟಿಗಳನ್ನು ಕೂಡಿಸಿ ಅಚ್ಚು ಹಾಕಿಸಬಹುದು. ಆಮೇಲೆ ಯಂತ್ರದಿಂದ ಬರೆಸಿದರೂ ಅಡ್ಡಿಯಿಲ್ಲ. ಹೇಳುವವರು ಮನೆಯವರು, ಬರೆಯುವುದು ಮಾತ್ರ ಯಂತ್ರ ಎಂಬ ಕ್ರಮವು ತಪ್ಪದು.