ಕಂಠಕ್ಕೆ ದಾರಿ ಬಿಟ್ಟ ಸಂಗೀತ

ಕನ್ನಡ ಚಿತ್ರಸಂಗೀತದ ಮಾತು ಬಂದಾಗ ನಾವು ನೆನೆಯುವುದು ಬೆಂಗಳೂರನ್ನು, ಮೈಸೂರನ್ನು. ಆದರೆ ಜಿ. ಕೆ. ವೆಂಕಟೇಶ್ ಹುಟ್ಟಿದ್ದು ನಮ್ಮ ಈ ಹೈದರಾಬಾದಿನಲ್ಲಿ, 1927ರಲ್ಲಿ, ತೆಲುಗು ಮನೆತನದಲ್ಲಿ. ಮದರಾಸಿನ ಸ್ಟುಡಿಯೋಗಳಲ್ಲಿ ದುಡಿದು ಅವರು ಕನ್ನಡಕ್ಕೆ ಕೊಟ್ಟ ಹಾಡುಗಳನ್ನು ಮೆಚ್ಚದವರಿಲ್ಲ. ಆ ಹಾಡುಗಳ ಗುಣವೇನೆಂದು ವಿಚಾರಿಸಿದವರು ಮಾತ್ರ ಕಡಿಮೆ.

ನನಗೆ ತೋರುವಂತೆ ಅವರ ದೊಡ್ಡ ಗುಣ, ಹಾಡುವ ಕಂಠವನ್ನು ಗುರುತಿಸಿ ತಾವು ಹಿಂದೆ ಸರಿದು ನಿಲ್ಲುವುದು. ಅ. ನ. ಕೃ. ಅವರ ಕಾದಂಬರಿಯನ್ನು ಆಧರಿಸಿದ 'ಸಂಧ್ಯಾರಾಗ' (1966) ಚಿತ್ರವನ್ನೇ ನೋಡಿ. ಬಾಲಮುರಳಿಕೃಷ್ಣರೊಡನೆ ಸಂಗೀತದ ಹೊಣೆ ಹಂಚಿಕೊಂಡು, ಭೀಮಸೇನ ಜೋಶಿಯವರಿಂದಲೂ ಹಾಡಿಸಿದರು. ಅಂಥ ಘನ ವಿದ್ವಾಂಸರ ನಡುವೆ ತಮ್ಮ ಜಾಣತನ ಮೆರೆಸುವ ಚಪಲ ಅವರಿಗೆ ಬರಲಿಲ್ಲ.

ರಾಜ್‌ಕುಮಾರರ ವಿಷಯದಲ್ಲೂ ಹೀಗೆಯೇ. 1959ರ 'ಮಹಿಷಾಸುರ ಮರ್ದಿನಿ'ಯಲ್ಲಿ ಎಸ್. ಜಾನಕಿಯವರೊಡನೆ ಯುಗಳಗೀತೆ ಹಾಡಿಸಿದ ವೆಂಕಟೇಶರೇ, 15 ವರ್ಷಗಳ ತರುವಾಯ 'ಸಂಪತ್ತಿಗೆ ಸವಾಲ್' ಚಿತ್ರದಲ್ಲಿ ಮತ್ತೆ ಅವರಿಂದ ಹಾಡಿಸಿದರು. ಅಲ್ಲಿಂದ ಮುಂದೆ ನಟನೇ ಗಾಯಕನಾದ. ಅದೇ ಕಂಠಕ್ಕೆ 'ಜೀವನ ಚೈತ್ರ'ದ ಹಾಡಿಗಾಗಿ ರಾಷ್ಟ್ರಪ್ರಶಸ್ತಿಯೂ ಬಂತು. 'ಸನಾದಿ ಅಪ್ಪಣ್ಣ'ದಲ್ಲಿ (1977) ಉಸ್ತಾದ್ ಬಿಸ್ಮಿಲ್ಲಾ ಖಾನರ ಶಹನಾಯಿಯೇ ಒಂದು ಪಾತ್ರವಾಗಿ ನಿಲ್ಲುತ್ತದೆ. ಮಾತು ಹೇಳಲಾರದ ದುಃಖವನ್ನು ಅದು ಹೇಳುತ್ತದೆ.

ಈ ಸಂಯಮ ಎಲ್ಲ ಕಡೆಯೂ ಉಳಿಯಿತೆಂದಲ್ಲ. 'ಜೇಡರ ಬಲೆ'ಯಂಥ (1968) ಪತ್ತೇದಾರಿ ಚಿತ್ರಗಳಲ್ಲಿ ವಾದ್ಯಗಳ ಅಬ್ಬರ ಕಥೆಗೆ ಒಪ್ಪುತ್ತದೆ, ಮನೆಗೆ ಬರುವಷ್ಟರಲ್ಲಿ ಮರೆತೂ ಹೋಗುತ್ತದೆ. 'ಕಸ್ತೂರಿ ನಿವಾಸ'ದ (1971) ಹಾಡು ಹಾಗಲ್ಲ; ಪಿ. ಬಿ. ಶ್ರೀನಿವಾಸರ ದನಿ ಎಷ್ಟು ವರ್ಷವಾದರೂ ಕಿವಿಯಲ್ಲಿ ಉಳಿಯುತ್ತದೆ. ತಮ್ಮಲ್ಲಿ ಸಹಾಯಕರಾಗಿದ್ದ ಇಳಯರಾಜಾ 1976ರಿಂದ ಸ್ವತಂತ್ರವಾಗಿ ಬೆಳೆದು ಹೆಸರಾದದ್ದನ್ನೂ ವೆಂಕಟೇಶ್ ಕಂಡರು. ಅವರು ತೀರಿಕೊಂಡದ್ದು 1993ರಲ್ಲಿ.

ಒಂದು ಸಂಗತಿ ನಮ್ಮಂಥವರ ಮನಸ್ಸಿಗೆ ನಾಟಬೇಕು. ವೆಂಕಟೇಶ್ ಹೈದರಾಬಾದಿನವರು, ಶ್ರೀನಿವಾಸ್ ಕಾಕಿನಾಡದವರು, ಜಾನಕಿ ಅಂದಿನ ಗುಂಟೂರು ಜಿಲ್ಲೆಯವರು. ಮೂವರ ಮನೆಮಾತೂ ತೆಲುಗು. ಆದರೂ ಅವರ ಕನ್ನಡದಲ್ಲಿ ಪರಕೀಯತೆಯ ಸೋಂಕಿಲ್ಲ. ಇದೇ ಊರಿನಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಕನ್ನಡ ಹತ್ತುವುದಿಲ್ಲವೆಂದು ನಾವು ಕೊರಗುತ್ತೇವೆ. ಅವರ ಕಿವಿಗೆ ಈ ಹಾಡುಗಳನ್ನು ಎಷ್ಟು ಬಾರಿ ಹಾಕಿದ್ದೇವೆಂದು ಮೊದಲು ನಮ್ಮನ್ನೇ ಕೇಳಿಕೊಳ್ಳೋಣ.